‘ಪಾಪಕ್ಷಮಾಪಣಾ ಪತ್ರ’ವೆಂಬ ಹೆಸರನ್ನು ಕುರಿತು

1517ರಲ್ಲಿ ಮಾರ್ಟಿನ್ ಲೂಥರನು ಖಂಡಿಸಿದ ಪತ್ರಗಳಿಗೆ ಕನ್ನಡದಲ್ಲಿ ‘ಪಾಪಕ್ಷಮಾಪಣಾ ಪತ್ರ’ವೆಂಬ ಹೆಸರು ರೂಢಿಯಲ್ಲಿದೆ. ಈ ಹೆಸರು ಅಂದಿನ ವಿವಾದದ ಮರ್ಮವನ್ನೇ ಮರೆಮಾಡುತ್ತದೆಂದು ನಮ್ಮ ಅಭಿಪ್ರಾಯ.

ಕ್ಯಾಥೊಲಿಕ್ ಸಿದ್ಧಾಂತದಂತೆ ಪಾಪದ ಫಲಗಳು ಎರಡು: ದೋಷ ಮತ್ತು ದಂಡನೆ. ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವನ ದೋಷವನ್ನು ದೇವರು ಕ್ಷಮಿಸುತ್ತಾನೆ. ಆದರೂ ಇಹದಲ್ಲಾಗಲಿ, ಮರಣಾನಂತರ ಶುದ್ಧೀಕರಣಸ್ಥಾನದಲ್ಲಾಗಲಿ ತೀರಿಸಬೇಕಾದ ದಂಡನೆ ಉಳಿಯುತ್ತದೆ. ಸಿದ್ಧಾಂತದ ಪ್ರಕಾರ ಪತ್ರದಿಂದ ದೊರೆಯುತ್ತಿದ್ದುದು ಈ ದಂಡನೆಯ ವಿನಾಯಿತಿ ಮಾತ್ರ. ಟೆಟ್ಸೆಲ್ ಮೊದಲಾದ ಪ್ರಚಾರಕರ ಅತ್ಯುಕ್ತಿಯು ಈ ಭೇದವನ್ನು ಮಸುಕುಗೊಳಿಸಿತು.

ಲೂಥರನ 95 ವಾದಸೂತ್ರಗಳಲ್ಲಿ ಮೊದಲನೆಯದು ವಿಶ್ವಾಸಿಯ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕೆನ್ನುತ್ತದೆ. 71ನೆಯದಾದರೋ ಪತ್ರಗಳ ಸತ್ಯವನ್ನು ಅಲ್ಲಗಳೆಯುವವನನ್ನು ಶಪಿಸುತ್ತದೆ! ಪಶ್ಚಾತ್ತಾಪವನ್ನು ಮರೆಯಿಸುವ ಹುಸಿ ನೆಮ್ಮದಿಯೇ ಅಂದು ಆತನ ಆಕ್ಷೇಪಕ್ಕೆ ಮುಖ್ಯ ಗುರಿಯಾಗಿತ್ತು. ವಿಶ್ವಾಸವೊಂದರಿಂದಲೇ ಮನುಷ್ಯನು ನೀತಿವಂತನೆನಿಸುವನೆಂಬ ಬೋಧೆ ಮುಂದೆ ಸ್ಪಷ್ಟಗೊಂಡಿತು. ಟ್ರೆಂಟ್ ಮಹಾಸಭೆ 1547ರಲ್ಲಿ ಅದನ್ನು ತಿರಸ್ಕರಿಸಿತು. ಆದರೆ 1999ರಲ್ಲಿ ಉಭಯ ಪಕ್ಷಗಳ ಪ್ರತಿನಿಧಿಗಳು ಆಗ್ಸ್‌ಬರ್ಗ್‌ನಲ್ಲಿ ಕೂಡಿ, ರಕ್ಷಣೆ ಕೃಪೆಯಿಂದಲೇ ದೊರೆಯುವುದೆಂಬ ಜಂಟಿ ಘೋಷಣೆಗೆ ಸಹಿ ಮಾಡಿದರು.

‘ದಂಡವಿನಾಯಿತಿ ಪತ್ರ’ವೆಂಬ ಹೆಸರು ಹೆಚ್ಚು ನಿಖರವಾದುದು. ಒಂದು ಪಕ್ಷದ ಆರೋಪವನ್ನೇ ಚರಿತ್ರೆಯ ತೀರ್ಪೆಂದು ವಿದ್ಯಾರ್ಥಿಗಳ ಮುಂದಿಡುವುದು ಅಧ್ಯಾಪಕರಿಗೆ ಉಚಿತವಲ್ಲ.