ಹುಡುಗನ ಕಥೆಯೋ, ಕೇರಿಯ ಕಥೆಯೋ?

ಕುಡಿದು ಮೈಮರೆತು ಬೀದಿಯಲ್ಲಿ ಬಿದ್ದವನ ಜೇಬನ್ನು ಬರಿದು ಮಾಡುವವನಿಗೆ ಷಿಕಾಗೋ ನಗರದ ಆಡುಮಾತಿನಲ್ಲಿ ‘ಜ್ಯಾಕ್ ರೋಲರ್’ ಎಂದು ಹೆಸರು. ನಮ್ಮ ‘ಕಿಸೆಗಳ್ಳ’ ಎಂಬ ಮಾತು ಇದಕ್ಕೆ ಸಾಲದು. ಕಿಸೆಗಳ್ಳನಿಗೆ ಕೈಚಳಕ ಬೇಕು, ಇವನ ಬಂಡವಾಳವೆಲ್ಲ ಮತ್ತೊಬ್ಬನ ಅಮಲು. ಕ್ಲಿಫರ್ಡ್ ಷಾ ಅವರು 1930ರಲ್ಲಿ ಇದೇ ಹೆಸರಿನಿಂದ ಪ್ರಕಟಿಸಿದ ಗ್ರಂಥದ ತಿರುಳು, ಸ್ಟ್ಯಾನ್ಲಿ ಎಂಬ ಕಲ್ಪಿತ ನಾಮದ ಪೋಲಿಷ್ ಮನೆತನದ ಹುಡುಗನೊಬ್ಬನ ಆತ್ಮಕಥೆ. ಸಮಾಜಶಾಸ್ತ್ರವೆಂದು ಕೈಗೆತ್ತಿಕೊಂಡು, ಸಾಹಿತ್ಯವೆಂದು ಓದಿ ಮುಗಿಸಿದೆನು.

ಬರವಣಿಗೆಗೆ ಕಸುವಿದೆ. ರೈಲಿನ ಸರಕು ಡಬ್ಬಿಗಳಿಂದ ಕದ್ದು ತರಲು ಮಲತಾಯಿಯೇ ಕಳುಹಿಸುತ್ತಿದ್ದಳೆಂದು ಹೇಳುವಾಗ ಹುಡುಗನ ದನಿ ಎಲ್ಲಿಯೂ ಏರುವುದಿಲ್ಲ. ಆದರೆ ಪುಟಗಳು ಸರಿದಂತೆ ಒಂದು ಸಂಗತಿ ಮನಸ್ಸನ್ನು ಕೊರೆಯತೊಡಗುತ್ತದೆ: ಪ್ರತಿಯೊಂದು ತಪ್ಪಿಗೂ ಅವನಲ್ಲಿ ಮತ್ತೊಬ್ಬ ಹೊಣೆಗಾರನಿದ್ದಾನೆ. ಷಾ ಅವರು ಬಂಧನಗಳ ಸರ್ಕಾರಿ ದಾಖಲೆಯನ್ನೂ ಜೊತೆಯಲ್ಲಿಯೇ ಅಚ್ಚುಮಾಡಿಸಿದ್ದು ಜಾಣತನ. ಆತ್ಮಕಥೆಯ ಪಕ್ಕದಲ್ಲಿ ಪೋಲೀಸರ ಪಟ್ಟಿ! ನಮ್ಮ ಕೆಲವು ಮಹನೀಯರ ಆತ್ಮಕಥೆಗಳಿಗೂ ಇಂಥ ಅನುಬಂಧವಿದ್ದರೆ ಚೆನ್ನಾಗಿತ್ತು.

ನನ್ನ ಆಕ್ಷೇಪಣೆ ಬೇರೆಯದು. ಸ್ಟ್ಯಾನ್ಲಿಯ ನೆರೆಹೊರೆಯವರು ಇಲ್ಲಿ ಬರಿಯ ನೆರಳುಗಳು. ಷಾ ಅವರು ಅವನನ್ನು ದಡ ಮುಟ್ಟಿಸಿದ್ದೂ ಆ ಕೇರಿಯಿಂದ ಕಿತ್ತು ಬೇರೆ ಮನೆಯಲ್ಲಿ ನೆಲೆಗೊಳಿಸಿ, ಮಾರಾಟಗಾರನ ಕೆಲಸ ಕೊಡಿಸಿಯೇ. ಹೆನ್ರಿ ಮೆಕೇ ಅವರೊಡನೆ 1942ರಲ್ಲಿ ಹೊರತಂದ ಗ್ರಂಥದಲ್ಲಾದರೋ ಷಾ ಅವರೇ ತೋರಿಸಿರುವುದೇನು? ಜರ್ಮನರು, ಐರಿಷರು ಬಿಟ್ಟುಹೋದ ಓಣಿಗಳಿಗೆ ಪೋಲರು, ಇಟಾಲಿಯನರು ಬಂದರು. ಜನ ಬದಲಾದರು, ಬಾಲಾಪರಾಧ ಮಾತ್ರ ಅಲ್ಲಿಯೇ ಉಳಿಯಿತು. ಕೇರಿಗೆ ಕೇರಿಯೇ ಹೀಗಿರುವಾಗ ಎಷ್ಟು ಹುಡುಗರನ್ನು ಕೀಳುವುದು?

ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಡಿತಕ್ಕೆ ಬಿದ್ದ ಹುಡುಗನೊಬ್ಬನಿಗೆ ನಾನು ಹಿತವಚನ ಹೇಳಿದ್ದುಂಟು. ಅವನು ಯಾವ ಕೇರಿಯಿಂದ ಬರುತ್ತಾನೆಂದು ಕೇಳಿರಲಿಲ್ಲ.

1930ರ ದಶಕದಲ್ಲಿ ಷಾ ಅವರು ‘ಷಿಕಾಗೋ ಏರಿಯಾ ಪ್ರಾಜೆಕ್ಟ್’ ಕಟ್ಟಿದರು. ರಸೆಲ್ ಸ್ಕ್ವೇರಿನಂಥ ಕಡೆ ಸ್ಥಳದವರದೇ ಸಮಿತಿ, ಸ್ಥಳದವರೇ ಕಾರ್ಯಕರ್ತರು. ಸೆರೆಮನೆ ಕಂಡುಬಂದವರನ್ನೂ ದೂರವಿಡಲಿಲ್ಲ. ಹಾಕಿನ್ಸ್ ಮತ್ತು ಕ್ಯಾಟಲಾನೋ ಅವರ ‘ಕಮ್ಯುನಿಟೀಸ್ ದಟ್ ಕೇರ್’ ಈ ಯೋಚನೆಯ ಮೊಮ್ಮಗುವೆಂದೇ ನನ್ನ ಎಣಿಕೆ. ಊರವರು ಮೊದಲು ತಮ್ಮ ಶಾಲೆಯ ಮಕ್ಕಳನ್ನು ಕೇಳಿ, ಎಲ್ಲಿ ಅಪಾಯ ಹೆಚ್ಚೆಂದು ತಿಳಿದು, ಆಮೇಲೆ ಕೆಲಸಕ್ಕೆ ತೊಡಗುತ್ತಾರೆ. 7 ಸಂಸ್ಥಾನಗಳ 24 ಊರುಗಳಲ್ಲಿ 2003ರಿಂದ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು. ಈ ಕ್ರಮವಿದ್ದ ಊರುಗಳಲ್ಲಿ, 8ನೆಯ ತರಗತಿ ಮುಟ್ಟುವ ವೇಳೆಗೆ ಕುಡಿತಕ್ಕೂ ಹೊಗೆಸೊಪ್ಪಿಗೂ ಪುಂಡಾಟಿಕೆಗೂ ತೊಡಗಿದ ಮಕ್ಕಳು, ಉಳಿದ ಊರುಗಳಿಗಿಂತ ಕಡಮೆ. ಫಲವನ್ನು ಒಪ್ಪುತ್ತೇನೆ, ಆದರೆ ಆ ವರದಿಯಲ್ಲಿ ಒಂದಾದರೂ ಮನುಷ್ಯಕಂಠವಿಲ್ಲವೆಂಬ ಕೊರಗು ನನ್ನದು.

ಸ್ಟ್ಯಾನ್ಲಿಯ ಮುಪ್ಪಿನ ಕಥೆಯನ್ನು ಜಾನ್ ಸ್ನಾಡ್‌ಗ್ರಾಸ್ ಅವರು 1982ರಲ್ಲಿ ಹೊರತಂದರು. ಎಪ್ಪತ್ತರ ಮುದುಕನ ದನಿಯಲ್ಲಿಯೂ ನನಗೆ ಕೇಳಿಸಿದ್ದು ಹುಡುಗನ ಅದೇ ದೂರು. ರಸೆಲ್ ಸ್ಕ್ವೇರಿನ ತಾಯಿಯೊಬ್ಬಳು, ಪಕ್ಕದ ಮನೆಯ ಹುಡುಗನ ಮೇಲೆ ಕಣ್ಣಿಟ್ಟು ಕಳೆದ ಸಂಜೆಗಳನ್ನು ಇಷ್ಟೇ ಕಸುವಿನಿಂದ ಬರೆದಿಟ್ಟಿದ್ದರೆ, ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಬಹುದಾಗಿತ್ತು.