ಗುಣಲಬ್ಧ −1: ಲಂಬರೇಖೆಯ ಪಾಠ ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಕೊಟ್ಟ ಬಿಂದುವಿನ ಮೂಲಕ, ಕೊಟ್ಟ ಸರಳರೇಖೆಗೆ ಲಂಬವಾಗಿ ಹಾಯುವ ರೇಖೆಯ ಸಮೀಕರಣ ಬರೆಯುವುದು ಪ್ರಥಮ ಪಿಯುಸಿ ಗಣಿತದ ಮಾಮೂಲಿ ಲೆಕ್ಕ. ಕರ್ನಾಟಕದ ಪಿಯು ಕಾಲೇಜುಗಳಲ್ಲಿ ನಡೆಯುವುದು ಎನ್‌ಸಿಇಆರ್‌ಟಿ ಪಠ್ಯ. ಹೀಗಾಗಿ ಲೋಂಡಾ, ಖಾನಾಪುರದ ಕಡೆಯ ಹುಡುಗರಿಗೂ ಬೆಂಗಳೂರಿನವರಿಗೂ ದಾರಿ ಒಂದೇ: ರೇಖೆಯ ಇಳಿಜಾರು ತೆಗೆ, ತಲೆಕೆಳಗು ಮಾಡಿ ಚಿಹ್ನೆ ಬದಲಿಸು, ಬಿಂದುವನ್ನು ಆದೇಶಿಸು. ಲಂಬರೇಖೆಗಳ ಇಳಿಜಾರುಗಳ ಗುಣಲಬ್ಧ −1 ಎಂಬ ನಿಯಮವೇ ಇದಕ್ಕೆ ಆಧಾರ.

ನಿಯಮ ಚಿಕ್ಕದು, ಉತ್ತರವನ್ನು ಕೂಡಲೇ ತಾಳೆ ನೋಡಲೂಬಹುದು. ಅದು ಬಾಳಿಕೆ ಬಂದಿರುವುದೇ ಇದರಿಂದ. ಆದರೆ ಅದರ ಹಿಂದಿನ ಚಿತ್ರ ಪಾಠದಲ್ಲಿ ಮಸುಕು. ಉದಾಹರಣೆಗೆ, ಲೋಂಡಾ ಜಂಕ್ಷನ್‌ನಿಂದ ಗೋವಾ ಕಡೆಗೆ ಕವಲೊಡೆಯುವ ರೈಲುಮಾರ್ಗ ಕ್ಯಾಸಲ್‌ರಾಕ್ ದಾಟಿ ಕುಳೆಗೆ ಘಟ್ಟ ಇಳಿಯುತ್ತದೆ. ಆ ಘಟ್ಟದ ಏರು 37ಕ್ಕೆ 1: ಕೆಳಗಿನಿಂದ ಬರುವ ಗಾಡಿ 37 ಮೀಟರ್ ಮುಂದೆ ಸಾಗಿದಾಗ 1 ಮೀಟರ್ ಮೇಲೇರಿರುತ್ತದೆ. ಹಳಿಯ ಇಳಿಜಾರು 1/37 ಆದರೆ ಹಳಿಗೆ ಲಂಬವಾದ ರೇಖೆಯದು −37. ಈ ರೇಖೆ ದಾರಕ್ಕೆ ಕಟ್ಟಿ ಇಳಿಬಿಟ್ಟ ಗುಂಡಿನ ನೇರಕ್ಕಿಲ್ಲ, ಸುಮಾರು ಒಂದೂವರೆ ಡಿಗ್ರಿ ವಾಲಿದೆ. ಹಳಿಯನ್ನೇ 90 ಡಿಗ್ರಿ ತಿರುಗಿಸಿ ಲಂಬದ ಮೇಲೆ ತಂದಂತೆ ಯೋಚಿಸಿದರೆ ‘37 ಮುಂದೆ, 1 ಮೇಲೆ’ ಎಂಬುದು ‘1 ಹಿಂದೆ, 37 ಮೇಲೆ’ ಆಗುವುದು ಕಾಣುತ್ತದೆ. ತಲೆಕೆಳಗಾಗುವುದು, ಚಿಹ್ನೆ ಬದಲಾಗುವುದು ಎರಡೂ ಆ ಒಂದೇ ತಿರುವಿನಿಂದ. ಇದನ್ನು ಕಂಡವರು ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದು ಕಷ್ಟ.

ಸಾಧನೆಯ ವಿಷಯದಲ್ಲಿಯೂ ಪಠ್ಯ ಸುತ್ತು ದಾರಿ ಹಿಡಿದಿದೆ. ಒಂದು ಕೋನಕ್ಕೆ 90 ಡಿಗ್ರಿ ಕೂಡಿಸಿ, ಅದರ ಟ್ಯಾನ್ ಬೆಲೆಯಿಂದ ನಿಯಮ ಹೊರಡುತ್ತದೆ. ತರ್ಕ ಸರಿಯೇ, ಆದರೆ ಅದಕ್ಕೆ ವಿಶಾಲಕೋನದ ತ್ರಿಕೋನಮಿತಿ ಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿದವರ ಕೈಯಲ್ಲಿ ದೂರಸೂತ್ರವೂ ಪೈಥಾಗೊರಸ್ ಪ್ರಮೇಯವೂ ಆಗಲೇ ಇವೆ. ಮೂಲಬಿಂದುವಿನಿಂದ ಹೊರಟ, ಪ ಮತ್ತು ಫ ಇಳಿಜಾರುಗಳ ಎರಡು ರೇಖೆಗಳ ಮೇಲೆ (1, ಪ) ಮತ್ತು (1, ಫ) ಎಂಬ ಬಿಂದುಗಳನ್ನು ಗುರುತಿಸಿದರೆ, ಮೂಲದಲ್ಲಿ ಲಂಬಕೋನ ಇರಬೇಕಾದರೆ (1 + ಪ²) + (1 + ಫ²) = (ಪ − ಫ)² ಆಗಬೇಕು. ಬಿಡಿಸಿದರೆ ಉಳಿಯುವುದು ಪ × ಫ = −1. ಎರಡೇ ಸಾಲಿನ ಈ ಸಾಧನೆಗೆ ಮೊದಲ ಸ್ಥಾನ ಸಿಗಬೇಕಿತ್ತು.

ನಿಯಮ ಪೂರ್ತಿ ಕೈಕೊಡುವುದು ನೆಟ್ಟನೆಯ ರೇಖೆಯಲ್ಲಿ. ಎಕ್ಸ್ = 3 ಎಂಬ ರೇಖೆಗೆ ಇಳಿಜಾರೇ ಇಲ್ಲ; ಗುಣಿಸುವುದಾದರೂ ಏನನ್ನು? ‘ಎರಡೂ ನೆಟ್ಟನೆ ಇಲ್ಲದಿದ್ದರೆ’ ಎಂಬ ಷರತ್ತನ್ನು ಪಠ್ಯ ಹೇಳುತ್ತದೆ, ಪರೀಕ್ಷೆಯ ಗಡಿಬಿಡಿಯಲ್ಲಿ ಮರೆಯುವುದು ಅದೇ. ಸಹಗುಣಕಗಳ ದಾರಿಗೆ ಈ ತೊಡಕಿಲ್ಲ: ಸಮೀಕರಣದಲ್ಲಿ ಎಕ್ಸ್, ವೈಗಳ ಸಹಗುಣಕಗಳನ್ನು ಅದಲುಬದಲು ಮಾಡಿ ಒಂದರ ಚಿಹ್ನೆ ತಿರುಗಿಸಿದರೆ ಸಾಕು, ಭಿನ್ನರಾಶಿಯ ಗೊಡವೆಯೇ ಇಲ್ಲ.

ಲೋಂಡಾದ ಹತ್ತಿರದ ಒಂದು ನೇರ ಹಳಿ, ಕಿಲೋಮೀಟರ್ ಅಳತೆಯ ನಕ್ಷೆಯಲ್ಲಿ, 3ಎಕ್ಸ್ − 4ವೈ + 10 = 0 ಆಗಿದೆ ಎಂದುಕೊಳ್ಳೋಣ; ಮನೆಯೊಂದು (5, 0) ಬಿಂದುವಿನಲ್ಲಿದೆ. ಲಂಬರೇಖೆಯ ರೂಪ 4ಎಕ್ಸ್ + 3ವೈ = ಒಂದು ಸ್ಥಿರಾಂಕ; ಬಿಂದುವನ್ನು ಆದೇಶಿಸಿದರೆ ಆ ಸ್ಥಿರಾಂಕ 20. ಎರಡೂ ರೇಖೆಗಳು (2, 4)ರಲ್ಲಿ ಕೂಡುತ್ತವೆ, ಮನೆಯಿಂದ ಹಳಿಗೆ ಅತಿ ಕಡಿಮೆ ದೂರ 5 ಕಿಲೋಮೀಟರ್. ಸಮೀಕರಣ ಬರೆದಲ್ಲಿಗೇ ಲೆಕ್ಕ ಮುಗಿಸುವ ರೂಢಿ ಈ ಕೊನೆಯ ಹೆಜ್ಜೆಯನ್ನು ಕೈಬಿಡುತ್ತದೆ. ಲಂಬರೇಖೆ ಯಾಕೆ ಬೇಕು ಎಂಬುದಕ್ಕೆ ಉತ್ತರ ಇರುವುದೇ ಅಲ್ಲಿ.

ಪಾಠದಲ್ಲಿ ತೀರ ಕಡೆಗಣನೆಗೆ ಒಳಗಾದದ್ದು ಮಾಪಕ. ಗ್ರಾಫ್ ಹಾಳೆಯ ಎರಡು ಅಕ್ಷಗಳಿಗೆ ಬೇರೆ ಬೇರೆ ಮಾಪಕ ಹಿಡಿದರೆ ಲಂಬರೇಖೆಗಳು ಲಂಬವಾಗಿ ಕಾಣುವುದಿಲ್ಲ. ಘಟ್ಟದ ಹಳಿಯ ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿ ಬರೆದರೆ ಕಾಗದದ ಮೇಲೆ ಇಳಿಜಾರುಗಳು 10/37 ಮತ್ತು −370, ಗುಣಲಬ್ಧ −100. ಹುಡುಗರು ಲೆಕ್ಕ ಸರಿಯಾಗಿ ಮಾಡಿ, ಚಿತ್ರ ನೋಡಿ ಉತ್ತರ ಹೊಡೆದುಹಾಕುವುದು ಇಂಥ ಕಡೆ. ಮೊಬೈಲ್ ನಕ್ಷೆಯ ಅಕ್ಷಾಂಶ, ರೇಖಾಂಶಗಳನ್ನು ನೇರ ನಿರ್ದೇಶಾಂಕ ಮಾಡಿಕೊಂಡರೂ ಇದೇ ಫಜೀತಿ. ಲೋಂಡಾದ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 107 ಕಿಲೋಮೀಟರ್, ಅಕ್ಷಾಂಶದ ಡಿಗ್ರಿ ಸುಮಾರು 111. ಮೊದಲು ಮೀಟರ್‌ಗೆ ಇಳಿಸಿಕೊಂಡೇ ನಿಯಮ ಬಳಸಬೇಕು.

ದ್ವಿತೀಯ ಪಿಯುಸಿಯ ಮೂರು ಆಯಾಮದ ರೇಖಾಗಣಿತಕ್ಕೆ ಹೋದರೆ ಇಳಿಜಾರಿನ ನಿಯಮ ಜೊತೆಗೆ ಬರುವುದಿಲ್ಲ. ಅಲ್ಲಿ ಒಂದು ರೇಖೆಯ ದಿಕ್ಕನ್ನು ಒಂದೇ ಸಂಖ್ಯೆಯಿಂದ ಹೇಳಲಾಗದು. ಸಹಗುಣಕಗಳ ದಾರಿಯಾದರೋ ಬೆಳೆಯುತ್ತದೆ: ಮನೆ-ಹಳಿಯ ಲೆಕ್ಕದಲ್ಲಿ 3 × 4 + (−4) × 3 = 0 ಆದಂತೆಯೇ, ಇಲ್ಲಿ ದಿಕ್ಕಿನ ಅನುಪಾತಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸಿದಾಗ ಸೊನ್ನೆ ಬಂದರೆ ರೇಖೆಗಳು ಲಂಬ. ಸಮತಲದ ಪಾಠದಲ್ಲೇ ಈ ರೂಪಕ್ಕೆ ಒತ್ತು ಕೊಟ್ಟಿದ್ದರೆ ಮುಂದಿನ ವರ್ಷ ಅದನ್ನು ಹೊಸ ಸೂತ್ರವೆಂದು ಬಾಯಿಪಾಠ ಮಾಡುವ ಪ್ರಸಂಗ ಬರುತ್ತಿರಲಿಲ್ಲ.