ಸ್ಯಾಕ್ಸೊಫೋನಿನಲ್ಲಿ ಗಮಕ

ಹಾರ್ಮೋನಿಯಮ್ಮಿನಲ್ಲಿ ಗಮಕಕ್ಕೆ ಎಡೆಯಿಲ್ಲವೆಂದು ಆಕಾಶವಾಣಿಯು ೧೯೪೦ರಲ್ಲಿ ಆ ವಾದ್ಯವನ್ನು ಹೊರಗಿಟ್ಟಿತು. ಮತ್ತೆ ಒಳಬಿಟ್ಟದ್ದು ೧೯೭೧ರಲ್ಲಿ. ಕಲಬುರ್ಗಿಯ ಸೇಡಂ ರಸ್ತೆಯ ಮನೆಗಳಲ್ಲಿ ಹಿಂದುಸ್ತಾನಿಯ ಮೀಂಡಿಗೆ ಪಳಗಿದ ಕಿವಿಗಳು ಕದ್ರಿ ಗೋಪಾಲನಾಥರ (೧೯೪೯–೨೦೧೯) ಸ್ಯಾಕ್ಸೊಫೋನನ್ನೂ ಇದೇ ಶಂಕೆಯಿಂದ ಕೇಳತೊಡಗುವುದು ಸಹಜವೇ. ಅದು ಕೀಲಿಗಳುಳ್ಳ ಪರದೇಶದ ವಾದ್ಯ. ಒಂದು ಕೀಲಿಗೂ ಇನ್ನೊಂದಕ್ಕೂ ನಡುವೆ ಕಂದಕ. ವೈಣಿಕನಾದರೋ ಮೆಟ್ಟಿನ ಮೇಲೆ ತಂತಿಯನ್ನೆಳೆದು ಮುಂದಿನ ಸ್ವರವನ್ನು ಮುಟ್ಟಿಯಾನು. ಇಲ್ಲಿ ಎಳೆಯುವುದಕ್ಕೆ ತಂತಿಯೇ ಇಲ್ಲ.

ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿ, ತಂದೆಯವರ ನಾಗಸ್ವರವನ್ನು ಕೇಳಿ ಬೆಳೆದ ಗೋಪಾಲನಾಥರು ಆ ಕಂದಕವನ್ನು ತುಂಬಿದ್ದು ತುಟಿಯಿಂದ, ಉಸಿರಿನಿಂದ. ಬಾಯಲ್ಲಿರುವ ಜೊಂಡಿನ ರೀಡಿನ ಮೇಲೆ ತುಟಿ ಸಡಿಲಿದರೆ ಸ್ವರವು ಇಳಿಯುತ್ತದೆ, ಬಿಗಿದರೆ ಏರುತ್ತದೆ. ಶ್ರೋತೃವು ಬೆರಳಿನ ಚಮತ್ಕಾರವನ್ನು ಬಿಟ್ಟು ಈ ಏರಿಳಿತವನ್ನೇ ಹಿಂಬಾಲಿಸಬೇಕು. ಚೌಕಕಾಲದ ಆಲಾಪನೆಯಲ್ಲಿ ಅದು ಸುಸ್ಪಷ್ಟ. ದ್ರುತದ ಸ್ವರಪ್ರಸ್ತಾರದಲ್ಲಿ, ಚಪ್ಪಾಳೆಗಳು ಹೆಚ್ಚಾಗಿ ಬೀಳುವ ಸ್ಥಳದಲ್ಲಿಯೇ, ಗಮಕವು ಸವೆದು ಬರಿಯ ಸ್ವರಗಳ ಸಾಲು ಉಳಿಯುವುದುಂಟು. ಅಭಿಮಾನಿಗಳು ಇದನ್ನು ಒಪ್ಪಲಾರರು. ಆದರೂ ಹೇಳದೆ ಗತ್ಯಂತರವಿಲ್ಲ.

೨೦೦೮ರ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯಲ್ಲಿ ಅಮೆರಿಕೆಯ ಜಾಝ್ ವಾದಕರಾದ ರುದ್ರೇಶ್ ಮಹಾಂತಪ್ಪನವರು ಅದೇ ವಾದ್ಯವನ್ನು ಹಿಡಿದು ಇವರೊಡನೆ ನುಡಿಸಿದ್ದಾರೆ. ಜತೆಗೆ ರೆಜ್ ಅಬ್ಬಾಸಿಯವರ ಗಿಟಾರು. ಮಹಾಂತಪ್ಪನವರದು ಸ್ವರವನ್ನು ನೇರವಾಗಿ ಹೊಡೆದು, ಥಟ್ಟನೆ ಮುರಿದು, ಬೇರೊಂದು ದಿಕ್ಕಿಗೆ ಹಾರುವ ನಡೆ. ಗೋಪಾಲನಾಥರದು ಸ್ವರದೊಳಕ್ಕೆ ಜಾರಿಬರುವ ನಡೆ. ಜಾಝ್ ಎಂದರೇನೆಂದು ಅರಿಯದವನೂ ಈಗ ಯಾರ ಸರದಿಯೆಂಬುದನ್ನು ಎರಡು ಸ್ವರಗಳಲ್ಲಿ ಗುರುತಿಸಿಯಾನು.